ಎರಡು ಮಳೆಗಾಲ ಕಂಡ ಕಲ್ಲಿನ ಬಾತ್‌ರೂಮ್ ಮ್ಯಾಟ್: ಧಾರವಾಡದ ನಮ್ಮ ಮನೆಯ ಅನುಭವ

ಐದಕ್ಕೆ ಮೂರು ಸ್ಟಾರ್. ಏಪ್ರಿಲ್‌ನಲ್ಲಿ ಕೇಳಿದ್ದರೆ ಐದೂ ಕೊಟ್ಟುಬಿಡುತ್ತಿದ್ದೆ. ಜುಲೈನಲ್ಲಿ ಕೇಳಿದ್ದರೆ ಎರಡು.

ಡಯಾಟಮೈಟ್ ಅನ್ನುವ ಮಣ್ಣಿನ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಗಟ್ಟಿ ಹಲಗೆ ಇದು. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, ಹತ್ತಿರ ಹತ್ತಿರ 1 ಸೆಂ.ಮೀ. ದಪ್ಪ. ಕೈಯಲ್ಲಿ ಹಿಡಿದರೆ ಎರಡು ಕಿಲೋಗೆ ಕಡಿಮೆ ಇಲ್ಲ. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಆನ್‌ಲೈನ್‌ನಲ್ಲಿ 1,150 ರೂಪಾಯಿ ಕೊಟ್ಟು ತರಿಸಿದ್ದೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಅತ್ತೆ ಕೇಳಿದರು: "ಮನ್ಯಾಗ ಇದ್ದ ಫರಸಿ ಸಾಲಲಿಲ್ಲೇನವಾ, ರೊಕ್ಕಾ ಕೊಟ್ಟು ಇನ್ನೊಂದ ಫರಸಿ ತರಿಸೀದಿ?"

ಯಾಕೆ ತರಿಸಿದೆ ಅಂದರೆ, ವಾಸನೆ. ನಮ್ಮದು ಸಪ್ತಾಪುರದ ಕಡೆ ಹಳೆಯ ಮನೆ. ಕೆಳಗಿನ ಬಚ್ಚಲಿಗೆ ಒಂದೇ ಸಣ್ಣ ಕಿಟಕಿ. ಬೆಳಿಗ್ಗೆ ಆರರಿಂದ ಎಂಟೂವರೆಯೊಳಗೆ ಐದು ಜನ ಸ್ನಾನ ಮಾಡಿ ಹೊರಗೆ ಬರಬೇಕು. ಅದಕ್ಕೂ ಮುಂಚೆ ಅಲ್ಲಿದ್ದದ್ದು ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಕೊಂಡ ದಪ್ಪ ಹತ್ತಿ ಮ್ಯಾಟ್, ಅಡಿಗೆ ರಬ್ಬರ್ ಇರುವಂಥದ್ದು. ಕಾಲಿಟ್ಟರೆ ಸುಖ. ಆದರೆ ಜೂನ್ ಬಂತೆಂದರೆ ಪಡಸಾಲೆಯವರೆಗೂ ಮುಗ್ಗಲು ವಾಸನೆ. ತೊಳೆದ ದಿನ ಚೆನ್ನಾಗಿರುತ್ತಿತ್ತು, ಎರಡನೇ ದಿನಕ್ಕೆ ಮತ್ತೆ ಅದೇ ಕಥೆ.

ಆಗ ನಾನು ಸೋಪಿನ ಪುಡಿ ಜಾಸ್ತಿ ಹಾಕುತ್ತಿದ್ದೆ, ಘಮಘಮ ಅನ್ನಲಿ ಅಂತ ಮೇಲೆ ಕಂಫರ್ಟ್ ಬೇರೆ. ಎರಡೂ ತಪ್ಪು. ಬಟ್ಟೆ ಮೃದು ಮಾಡುವ ಆ ದ್ರವ ನೂಲಿನ ಮೇಲೆ ಜಿಡ್ಡಿನ ಪದರದಂತೆ ಕೂರುತ್ತದೆ, ಹತ್ತಿ ನೀರು ಹೀರುವುದೇ ಕಡಿಮೆಯಾಗುತ್ತದೆ. ತೊಳೆದು ಹೋಗದೆ ಉಳಿದ ಸೋಪಿಗೆ ಕೊಳೆ ಅಂಟುತ್ತದೆ. ಇನ್ನು ವಾಸನೆ ಬರುವುದು ನೀರಿನಿಂದ ಅಲ್ಲ. ನಮ್ಮ ಕಾಲಿನಿಂದ ಉದುರಿದ ಚರ್ಮದ ಪುಡಿ, ಎಣ್ಣೆ, ಬೆವರು ಇವನ್ನು ಒದ್ದೆಯಲ್ಲಿ ಕೂತು ತಿನ್ನುವ ಬ್ಯಾಕ್ಟೀರಿಯಾದಿಂದ. ತೊಳೆದರೂ ಹೋಗದ ಈ ಹಸಿಬಟ್ಟೆ ನಾತಕ್ಕೆ ಮೊರಾಕ್ಸೆಲ್ಲಾ ಅನ್ನುವ ಒಂದು ಬ್ಯಾಕ್ಟೀರಿಯಾ ಮುಖ್ಯ ಕಾರಣ ಎಂದು ಜಪಾನಿನ ಸಂಶೋಧಕರು 2012ರಲ್ಲಿ ಬರೆದಿದ್ದಾರೆ. ಅದನ್ನು ಸಾಯಿಸಬೇಕೆಂದರೆ ಬಿಸಿ ನೀರು ಬೇಕು. ಬಿಸಿ ನೀರು ಹಾಕಿದರೆ ಅಡಿಯ ರಬ್ಬರ್ ಬಿರಿಯುತ್ತದೆ, ಬಿಸಿಲಿಗೆ ಹಾಕಿದರೂ ಬಿರಿಯುತ್ತದೆ. ಬಿಸಿ ನೀರೂ ಬಿಸಿಲೂ ಬೇಕೇ ಬೇಕಾದ ವಸ್ತುವಿಗೆ ಅವೆರಡನ್ನೂ ತಡೆಯದ ರಬ್ಬರನ್ನು ಅಂಟಿಸಿ ಮಾರುತ್ತಾರೆ ನೋಡಿ! ನಮ್ಮದು ಹತ್ತು ತಿಂಗಳಿಗೆ ಬಿಳಿ ಪುಡಿ ಉದುರಿಸತೊಡಗಿತು. ವಾಷಿಂಗ್ ಮಷಿನ್ನಿನ ಫಿಲ್ಟರ್ ತುಂಬ ಅದೇ.

ಇನ್ನೊಂದು ತೊಂದರೆ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ನಮ್ಮ ಓಣಿಯಲ್ಲಿ ನಳ ಬರುವುದು ವಾರಕ್ಕೊಮ್ಮೆ, ಅದೂ ಹೆಚ್ಚುಕಡಿಮೆ ಆಗುತ್ತದೆ. ಸವದತ್ತಿಯ ಮಲಪ್ರಭಾ ನೀರು ಮನೆಗೆ ಬಂದ ದಿನ ಮೊದಲು ಟ್ಯಾಂಕ್, ಆಮೇಲೆ ಡ್ರಮ್ಮು, ಕೊಡ. ಕಾಲೊರಸು ಒಗೆಯುವ ಸರದಿ ಬರುವುದು ಕಟ್ಟಕಡೆಗೆ. ಹಾಗಾಗಿ "ತೊಳೆಯುವುದೇ ಬೇಡ, ತಾನೇ ಒಣಗುತ್ತದೆ" ಅನ್ನುವ ಜಾಹೀರಾತಿಗೆ ಬಿದ್ದೆ.

ಮೇ ತಿಂಗಳಲ್ಲಿ ಅದು ನಿಜವೂ ಆಗಿತ್ತು. ಒದ್ದೆ ಕಾಲಿಟ್ಟು ತೆಗೆದರೆ ಹೆಜ್ಜೆಯ ಗುರುತು ಕಣ್ಣೆದುರೇ ಮಾಯ. ಮಕ್ಕಳು ಬೇಕಂತಲೇ ಕಾಲು ತೋಯಿಸಿಕೊಂಡು ಬಂದು ನಿಂತು ಎಣಿಸುತ್ತಿದ್ದರು, ಮೂವತ್ತು ಎಣಿಸುವುದರೊಳಗೆ ಗುರುತು ಇರುತ್ತಿರಲಿಲ್ಲ. ಡಯಾಟಮ್ ಅಂದರೆ ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಅದರ ಚಿಪ್ಪು ಸಿಲಿಕಾದ್ದು, ಮೈತುಂಬ ತೂತು. ಲಕ್ಷಾಂತರ ವರ್ಷ ನೀರಿನ ತಳದಲ್ಲಿ ಬಿದ್ದ ಅಂಥ ಚಿಪ್ಪುಗಳ ರಾಶಿಯೇ ಈ ಮಣ್ಣು. ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ ಆ ತೂತುಗಳು ನೀರು ಎಳೆದುಕೊಳ್ಳುತ್ತವೆ.

ಎಳೆದುಕೊಂಡ ನೀರು ಎಲ್ಲಿಗೆ ಹೋಗಬೇಕು? ಗಾಳಿಗೆ. ಧಾರವಾಡದ ಮಳೆ ಕರಾವಳಿಯ ಹಾಗೆ ಒಮ್ಮೆಲೇ ಸುರಿದು ಹೋಗುವಂಥದ್ದಲ್ಲ. ಜಿಟಿಜಿಟಿ ಹಿಡಿದರೆ ನಾಲ್ಕೈದು ದಿನ ಸೂರ್ಯನ ಮುಖ ಕಾಣಿಸುವುದಿಲ್ಲ. ಗಾಳಿಯೇ ಒದ್ದೆಯಾಗಿರುವಾಗ ಪಾಪ ಕಲ್ಲು ಏನು ಮಾಡೀತು? ಮೊದಲ ಜುಲೈನಲ್ಲಿ ಗಮನಿಸಿದ್ದು ಇದು: ಮೊದಲನೆಯವರ ಹೆಜ್ಜೆ ಆರಲು ಎರಡು ನಿಮಿಷ. ಮೂರನೆಯವರದ್ದು ಕಾಲು ಗಂಟೆ. ಐದನೆಯವಳು ನಾನು, ನನ್ನ ಹೆಜ್ಜೆ ಮಧ್ಯಾಹ್ನ ಊಟದ ಹೊತ್ತಿಗೂ ಅಲ್ಲೇ ಇರುತ್ತಿತ್ತು. ಮುಟ್ಟಿದರೆ ತಣ್ಣಗೆ. ಆಗಸ್ಟ್ ಮೊದಲ ವಾರ ಅಡಿಭಾಗ ತಿರುಗಿಸಿ ನೋಡಿದರೆ ನೆಲಕ್ಕೆ ತಾಗಿದ ಕಡೆ ಬೂದು ಚುಕ್ಕೆ, ಬೂಸ್ಟು.

ಇದಕ್ಕೆ ದಾರಿ ಸಿಕ್ಕಿತು, ದುಡ್ಡೇನೂ ಖರ್ಚಾಗಲಿಲ್ಲ. ಕೊನೆಯವರು ಸ್ನಾನ ಮುಗಿಸಿದ ಮೇಲೆ ಹಲಗೆಯನ್ನು ಎತ್ತಿ ಗೋಡೆಗೆ ಆನಿಸಿ ನಿಲ್ಲಿಸುವುದು. ಎರಡೂ ಮುಖಕ್ಕೆ ಗಾಳಿ ಆಡುತ್ತದೆ. ಕೊನೆಯ ಸ್ನಾನ ಆದ ಮೇಲೂ ಎಕ್ಸಾಸ್ಟ್ ಫ್ಯಾನ್ ಅರ್ಧ ಗಂಟೆ ತಿರುಗಲಿ, ಬಾಗಿಲು ತೆರೆದಿರಲಿ. ನಮ್ಮನೆಯಲ್ಲಿ ಫ್ಯಾನ್ ಆರಿಸುವ ಚಟ ನಮ್ಮ ಯಜಮಾನರದ್ದು. ಕರೆಂಟ್ ಬಿಲ್ಲಿನ ಚಿಂತೆ ಅಂತೆ. ಸ್ವಿಚ್ಚಿನ ಮೇಲೆ ಪಟ್ಟಿ ಅಂಟಿಸಿದ್ದೇನೆ. ಇಷ್ಟು ಮಾಡಿದ ಮೇಲೆ ಎರಡನೇ ಮಳೆಗಾಲದಲ್ಲಿ ಬೂಸ್ಟು ಬರಲಿಲ್ಲ.

ಆದರೆ ಎಣ್ಣೆ! ಇದನ್ನು ಯಾವ ವಿಮರ್ಶೆಯಲ್ಲೂ ನಾನು ಓದಿರಲಿಲ್ಲ. ನಮ್ಮಲ್ಲಿ ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುವ ರೂಢಿ. ಅತ್ತೆ ಮೊಣಕಾಲಿಗೂ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಮರುದಿನ ಬೆಳಿಗ್ಗೆಯಂತೂ ಮನೆಮಂದಿಗೆಲ್ಲ ಎಣ್ಣೆ ಸ್ನಾನ. ಆ ವರ್ಷ ಹಬ್ಬ ಮುಗಿಯುವ ಹೊತ್ತಿಗೆ ಹಲಗೆಯ ನಡುವೆ ಎರಡು ಕಂದು ಪಾದ ಅಚ್ಚೊತ್ತಿ ಕೂತಿದ್ದವು, ಲಕ್ಷ್ಮಿ ಒಳಗೆ ಬಂದ ಹಾಗೆ. ಅಷ್ಟು ಜಾಗದಲ್ಲಿ ನೀರು ಇಳಿಯದೆ ಮೇಲೆಯೇ ನಿಲ್ಲುತ್ತಿತ್ತು. ವಾರ ಕಳೆದ ಮೇಲೆ ಮುಗ್ಗಲು ಅಲ್ಲ, ಕಮಟು ವಾಸನೆ. ತೂತುಗಳಿಗೆ ಎಣ್ಣೆ ತುಂಬಿಕೊಂಡಿತ್ತು. ಸೋಪು ಹಾಕಬಾರದು, ಪೆಟ್ಟಿಗೆಯಲ್ಲಿ ಬಂದ ಸ್ಯಾಂಡ್‌ಪೇಪರ್‌ನಿಂದ ಮೇಲಿನ ಪದರ ಉಜ್ಜಿ ತೆಗೆಯಬೇಕು ಎಂದು ಚೀಟಿಯಲ್ಲಿತ್ತು. ಅಂಗಳದಲ್ಲಿ ಕೂತು ಉಜ್ಜಿದೆ. ಹೊಸದರಂತೆ ಆಯಿತು. ಮೈತುಂಬ ಬೂದಿ ಬಣ್ಣದ ಪುಡಿ.

ಆಮೇಲೆ ಗೊತ್ತಾದ ವಿಷಯ ಕೇಳಿ. 2020ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಇದೇ ಜಾತಿಯ ಕೆಲವು ಮ್ಯಾಟ್‌ಗಳಲ್ಲಿ ಆಸ್ಬೆಸ್ಟಾಸ್ (ಉಸಿರಿನಲ್ಲಿ ಹೋದರೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲ ಖನಿಜದ ನಾರು) ಸಿಕ್ಕಿ ಅಂಗಡಿಯವರು ಮಾರಿದ ಮಾಲನ್ನು ವಾಪಸ್ ಕರೆಸಿಕೊಂಡಿದ್ದರು. ಸುಮ್ಮನೆ ಹಾಸಿಕೊಂಡರೆ ಭಯ ಕಡಿಮೆ. ಒಡೆದರೆ, ಉಜ್ಜಿದರೆ ಪುಡಿ ಉಸಿರಿನಲ್ಲಿ ಹೋಗುವ ಅಪಾಯ. ಮೂಗಿಗೆ ಒಂದು ಕರವಸ್ತ್ರವನ್ನೂ ಕಟ್ಟಿಕೊಳ್ಳದೆ ಉಜ್ಜಿದ್ದೆ ನಾನು! ನನ್ನ ಮ್ಯಾಟಿನಲ್ಲಿ ಅದು ಇದೆ ಅಂತ ಹೇಳುತ್ತಿಲ್ಲ. ಪರೀಕ್ಷೆ ಮಾಡಿಸಿದ ಕಾಗದ ಇದ್ದರೆ ತೋರಿಸಿ ಎಂದು ಮಾರಿದವರಿಗೆ ಮೂರು ಸಲ ಬರೆದೆ. ಒಂದಕ್ಕೂ ಉತ್ತರ ಇಲ್ಲ. ಒಂದು ಸ್ಟಾರ್ ಪೂರ್ತಿ ಕತ್ತರಿಸಿದ್ದು ಇದಕ್ಕೇ. ಅವತ್ತಿನಿಂದ ಉಜ್ಜುವುದನ್ನು ಬಿಟ್ಟಿದ್ದೇನೆ. ನೀವು ಕೊಳ್ಳುವುದಾದರೆ ಆಸ್ಬೆಸ್ಟಾಸ್ ಇಲ್ಲ ಎಂದು ಬರೆದು ಕೊಡುವವರ ಹತ್ತಿರ ಮಾತ್ರ ಕೊಳ್ಳಿ.

ಉಜ್ಜುವುದು ಬಿಟ್ಟ ಮೇಲೆ ಎಣ್ಣೆಯ ಮನೆಗೆ ಇದು ಆಗುವುದಿಲ್ಲ ಎಂದಾಯಿತು. ಈಗ ಹಲಗೆ ಮಹಡಿಯ ಬಾತ್‌ರೂಮಿಗೆ ಹೋಗಿದೆ. ಅಲ್ಲಿ ಸ್ನಾನ ಮಾಡುವವರು ಮಗ ಮತ್ತು ಅವನ ಅಪ್ಪ. ಹಬ್ಬ ಬಿಟ್ಟರೆ ಇಬ್ಬರೂ ಎಣ್ಣೆ ಮುಟ್ಟುವುದಿಲ್ಲ, ಕಿಟಕಿ ದೊಡ್ಡದು. ಅಲ್ಲಿ ಅದು ಸೊಗಸಾಗಿದೆ, ವಾಸನೆಯ ಮಾತೇ ಇಲ್ಲ. ಬೋರಿನ ನೀರಿನ ಬಿಳಿ ಕಲೆ ಅಂಚಿಗೆ ಕೂತಿದೆ, ನೋಡಲು ಚೆಂದವಿಲ್ಲ ಅಷ್ಟೇ. ಒಂದು ಮೂಲೆ ಮುಕ್ಕಾಗಿದೆ, ಮಗ ಗೋಡೆಗೆ ನಿಲ್ಲಿಸಲು ಹೋಗಿ ಬೀಳಿಸಿದ್ದು. ಪುಡಿಯನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆದೆ. ಅಡಿಗೆ ಜಾರದ ಪಟ್ಟಿ ಹಾಕದಿದ್ದರೆ ಒದ್ದೆ ಟೈಲ್ಸ್ ಮೇಲೆ ಸರ್ರನೆ ಜಾರುತ್ತದೆ. ವಯಸ್ಸಾದವರು ಇರುವ ಕಡೆ ಬೇಡ.

ಕೆಳಗಿನ ಬಚ್ಚಲಿಗೆ ಏನು ಹಾಕಿದೆ? ಅತ್ತೆ ಮೊದಲು ತಮ್ಮ ಹಳೆಯ ಸೀರೆಗಳನ್ನು ಮಡಿಸಿ ಕೌದಿಯ ಹಾಗೆ ಒಂದು ಕಾಲೊರಸು ಹೊಲಿದು ಕೊಟ್ಟರು. ಹೊಲಿಗೆ ನೋಡಿದರೆ ಕಾಲಿಡಲು ಮನಸ್ಸು ಬರಲಿಲ್ಲ. ಆದರೆ ನಿಜ ಹೇಳಬೇಕಲ್ವಾ, ಐದಾರು ಪದರ ಬಟ್ಟೆ, ಮೇಲೆ ಒಣಗಿದ್ದರೂ ಒಳಗೆ ಹಸಿ. ನಾಲ್ಕನೇ ದಿನಕ್ಕೆ ರಬ್ಬರ್ ಮ್ಯಾಟಿಗಿಂತ ಜೋರು ವಾಸನೆ. ಅತ್ತೆಯೇ ಅದನ್ನು ಎತ್ತಿ ಹಿತ್ತಿಲ ಬಾಗಿಲಿಗೆ ಹಾಕಿದರು. ಈಗ ಇರುವುದು ರಬ್ಬರ್ ಇಲ್ಲದ ತೆಳು ಹತ್ತಿಯ ಮ್ಯಾಟು, ಟವೆಲ್ಲಿನಂಥದ್ದು, ಮೂರು. ಒಟ್ಟು 480 ರೂಪಾಯಿ. ಒಂದು ನೆಲದಲ್ಲಿ, ಒಂದು ಹಗ್ಗದ ಮೇಲೆ, ಒಂದು ಕಪಾಟಿನಲ್ಲಿ. ಸ್ನಾನಗಳು ಮುಗಿದ ಕೂಡಲೇ ನೆಲದ್ದು ಕಂಬಿಗೆ ಏರುತ್ತದೆ, ಇಡೀ ದಿನ ನೆಲದ ಮೇಲೆ ಯಾವುದೂ ಬಿದ್ದಿರುವುದಿಲ್ಲ. ನಳ ಬಂದ ದಿನ ಮೂರನ್ನೂ ಬಿಸಿ ನೀರಿಗೆ ಒಂದು ಮುಷ್ಟಿ ವಾಷಿಂಗ್ ಸೋಡಾ ಹಾಕಿ ಅರ್ಧ ತಾಸು ನೆನೆಸಿ ಒಗೆಯುತ್ತೇನೆ. ಕಂಫರ್ಟ್ ಇಲ್ಲ. ಕೆಲವರು ವಿನೆಗರ್ ಹಾಕುತ್ತಾರೆ, ಹಾಕಿಕೊಳ್ಳಿ. ಆದರೆ ಬ್ಲೀಚ್ ಜೊತೆಗೆ ಮಾತ್ರ ಬೇಡವೇ ಬೇಡ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಕುತ್ತು.

ಕಲ್ಲಿನ ಮ್ಯಾಟ್ ಹುಡುಕುವಾಗ ಡಯಾಟಮೈಟ್ ಅನ್ನುವ ಹೆಸರಿನಲ್ಲೇ ಸುರುಳಿ ಸುತ್ತಿ ಬರುವ ಮೆತ್ತನೆಯ ಮ್ಯಾಟುಗಳೂ ಕಾಣುತ್ತವೆ, ಇನ್ನೂರು ಮುನ್ನೂರು ರೂಪಾಯಿಗೆ. ಸುತ್ತಲು ಬಂದರೆ ಅದು ಹಲಗೆಯಲ್ಲ, ಅಡಿಗೆ ರಬ್ಬರ್ ಇರುವ ಬಟ್ಟೆಯೇ. ಹಲಗೆಯೇ ಬೇಕು ಅನ್ನುವವರು ಮೊದಲು ಬಾಗಿಲಿನ ಅಡಿಯ ಸಂದನ್ನು ಅಳೆದುಕೊಳ್ಳಿ. ಮಹಡಿಯ ಬಾಗಿಲು ಹೊರಗೆ ತೆರೆಯುತ್ತದೆ, 1 ಸೆಂ.ಮೀ. ದಪ್ಪದ ಹಲಗೆಗೆ ತಾಗಿ ನಿಂತುಬಿಟ್ಟಿತು. ಬಡಿಗರನ್ನು ಕರೆಸಿ ಅಡಿ ಕೊಯ್ಸಲು 300 ರೂಪಾಯಿ ಆಯಿತು. ಅದನ್ನೂ ಮ್ಯಾಟಿನ ಬೆಲೆಗೆ ಸೇರಿಸಿಕೊಂಡೇ ಸ್ಟಾರ್ ಕೊಟ್ಟಿದ್ದೇನೆ.