ಮೂರು ಮಳೆಗಾಲ ಕಂಡ 50 ಆಂಪಿಯರ್ ಸಪ್ಲೈ: ಶೋದಲ್ಲಿ ಕಾರಿನ ಸೌಂಡಿಗೆ ಲೈನ್ ಕರೆಂಟು

ತಗಡಿನ ಪೆಟ್ಟಿಗೆ, ಬದಿಗೊಂದು ಫ್ಯಾನು, 12 ವೋಲ್ಟಿನ ಎಸ್‌ಎಂಪಿಎಸ್, ಅಂದರೆ 230 ವೋಲ್ಟಿನ ಲೈನ್ ಕರೆಂಟನ್ನು ಕಾರಿನ 12 ವೋಲ್ಟಿಗೆ ಇಳಿಸಿ ಕೊಡುವ ಸಪ್ಲೈ. ಮೂಲೆಯ ಪುಟ್ಟ ತಿರುಪು ತಿರುಗಿಸಿ 13.8 ವೋಲ್ಟಿಗೆ ಏರಿಸಬಹುದು. ಕುಂಬಳೆ, ಬದಿಯಡ್ಕ ಕಡೆಯ ಮೈದಾನದ ಶೋಗಳಲ್ಲಿ ಎಂಜಿನ್ ಸ್ಟಾರ್ಟ್ ಮಾಡದೆ ಇಡೀ ದಿನ ಹಾಡು ಹಾಕಲು ಇದು ಸಾಕು, ಕಾರಿನ ಬ್ಯಾಟರಿ ಜೊತೆಗಿದ್ದರೆ ಮಾತ್ರ.

1000 ವ್ಯಾಟಿನ ಕ್ಲಾಸ್ ಡಿ ಆಂಪ್ (ಕರೆಂಟು ಕಡಿಮೆ ಪೋಲು ಮಾಡುವ ಬಗೆಯ ಆಂಪ್ಲಿಫೈಯರ್) ಪೂರ್ತಿ ದಮ್ಮಿನಲ್ಲಿ ಸುಮಾರು 90 ಆಂಪಿಯರ್ ಎಳೆಯುತ್ತದೆ. ಆದರೆ ಅದು ಬಾಸ್ ಹೊಡೆತದ ಆ ಕ್ಷಣಕ್ಕಷ್ಟೆ, ಸರಾಸರಿ ತುಂಬ ಕಡಿಮೆ. ಹೊಡೆತವನ್ನು ಬ್ಯಾಟರಿ ತಡೆದುಕೊಳ್ಳುತ್ತದೆ, ಸರಾಸರಿಯನ್ನು ಸಪ್ಲೈ ತುಂಬಿಕೊಡುತ್ತದೆ. ಬ್ಯಾಟರಿ ಬಿಚ್ಚಿಟ್ಟರೆ ಬಾಸ್ ಬಂದಾಗೆಲ್ಲ ಆಂಪ್ ಆರಿ ಹತ್ತುತ್ತದೆ. ಕಾರಣ, ಓವರ್‌ಲೋಡ್ ಆದಾಗ ಈ ಮಾಡೆಲ್ ಕರೆಂಟನ್ನು ಮಿತಿಯಲ್ಲಿ ಹಿಡಿಯುವುದಿಲ್ಲ, ಪೂರ್ತಿ ಆಫ್ ಆಗಿ ಮತ್ತೆ ಶುರುವಾಗುತ್ತದೆ. ಇಳಿದ ಬ್ಯಾಟರಿಗೆ ಜೋಡಿಸಿದರೂ ಅದೇ ಗೋಳು. ಹಾಗಾಗಿ ಹಿಂದಿನ ರಾತ್ರಿಯೇ ಬ್ಯಾಟರಿ ಫುಲ್ ಚಾರ್ಜ್ ಆಗಿರಬೇಕು. ಈಗ ಹೊಸತು ಕೊಳ್ಳುವವರು ಕಾನ್‌ಸ್ಟಂಟ್ ಕರೆಂಟ್ ಲಿಮಿಟ್ (ಆಫ್ ಆಗದೆ ಕರೆಂಟನ್ನು ಮಿತಿಯಲ್ಲಿ ಹಿಡಿಯುವ ವ್ಯವಸ್ಥೆ) ಇರುವುದನ್ನೇ ಕೇಳಿ ತೆಗೆದುಕೊಳ್ಳಿ, ಸ್ವಲ್ಪ ದುಡ್ಡು ಹೆಚ್ಚಾದರೂ ಅಡ್ಡಿಯಿಲ್ಲ.

ಪ್ಲಗ್ ಹಾಕುವ ಮೊದಲು ಬದಿಯ ತೂತಿನೊಳಗಿನ 115/230 ಸ್ವಿಚ್ಚು ನೋಡಿ. 115ರಲ್ಲಿ ಉಳಿದಿದ್ದರೆ ಢಬ್ ಎಂದು ಒಂದೇ ಸದ್ದು, ಅಲ್ಲಿಗೆ ಮುಗಿಯಿತು. ಆಮೇಲೆ ಬ್ಯಾಟರಿಗೆ ಜೋಡಿಸದೆ ಮಲ್ಟಿಮೀಟರ್ ಹಿಡಿದು 13.6ರಿಂದ 13.8ರೊಳಗೆ ಸೆಟ್ ಮಾಡಿ. 14.4ರಲ್ಲಿ ದಿನವಿಡೀ ಬಿಟ್ಟರೆ ಬ್ಯಾಟರಿ ಕುದಿದು ಹೈಡ್ರೋಜನ್ ಬಿಡುತ್ತದೆ. ತಿರುಪಿಗೊಂದು ಹನಿ ನೈಲ್ ಪಾಲಿಶ್ ಹಾಕಿಟ್ಟರೆ ಅಲುಗಾಟಕ್ಕೆ ಜರುಗುವುದಿಲ್ಲ. ನೆಗೆಟಿವ್ ವಯರು ಬ್ಯಾಟರಿಗಲ್ಲ, ಕಾರಿನ ಬಾಡಿಯ ಲೋಹಕ್ಕೆ ಹೋಗಲಿ. ಏಕೆಂದರೆ ಹೊಸ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ತಲೆಯ ಮೇಲೆಯೇ ಬ್ಯಾಟರಿಯ ಕರೆಂಟು ಅಳೆಯುವ ಸೆನ್ಸರ್ ಇರುತ್ತದೆ. ಪಾಸಿಟಿವ್‌ನಲ್ಲಿ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ 60 ಆಂಪಿಯರ್ ಫ್ಯೂಸು. ಸಪ್ಲೈ ಆನ್ ಮಾಡಿದ ಮೇಲೆ ಕೊನೆಗೆ ಕೂರಿಸಬೇಕಾದದ್ದು ಆ ಫ್ಯೂಸು. ಹೈಡ್ರೋಜನ್ ಒಳಗೆ ನಿಲ್ಲದಂತೆ ಬಾನೆಟ್ ತೆರೆದಿರಲಿ.

ವಯರಿನ ವಿಷಯದಲ್ಲಿ ಹೆಚ್ಚಿನವರು ಉಲ್ಟಾ ಮಾಡುತ್ತಾರೆ: ಸಪ್ಲೈಯನ್ನು ಪ್ಲಗ್ ಪಾಯಿಂಟಿನ ಹತ್ತಿರ ಇಟ್ಟು 12 ವೋಲ್ಟಿನ ವಯರನ್ನು ಕಾರಿನವರೆಗೆ ಎಳೆಯುವುದು. 16 ಸ್ಕ್ವೇರ್ ಎಂಎಂ ತಾಮ್ರವೇ ಆದರೂ 5 ಮೀಟರ್ ದೂರಕ್ಕೆ, ಹೋಗಿ ಬರುವ ಎರಡೂ ವಯರು ಸೇರಿ, 50 ಆಂಪಿಯರಿನಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಹಾದಿಯಲ್ಲೇ ಹೋಗುತ್ತದೆ. 230 ವೋಲ್ಟಿನ ಬದಿಗೆ 1.5 ಸ್ಕ್ವೇರಿನ ವಯರು 30 ಮೀಟರ್ ಎಳೆದರೂ ನಷ್ಟ ನಾಲ್ಕೈದು ವೋಲ್ಟು, ಅದು ಲೆಕ್ಕಕ್ಕೇ ಇಲ್ಲ. ಸಪ್ಲೈ ಕಾರಿನ ಪಕ್ಕದಲ್ಲೇ ಇರಲಿ, ಆದರೆ ಡಿಕ್ಕಿಯೊಳಗೆ ಮುಚ್ಚಿಡಬೇಡಿ, ಬಿಸಿಯಾಗುತ್ತದೆ.

ಇದರಲ್ಲಿ ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್ ಇಲ್ಲ, ಹಾಗಾಗಿ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಲೈನಿನಿಂದ ಎಳೆಯುತ್ತದೆ. 690 ವ್ಯಾಟ್ ಹೊರಗೆ ಕೊಡಲು ಒಳಗೆ 6 ಆಂಪಿಯರ್ ಹತ್ತಿರ ಎಳೆಯುತ್ತದೆ, ಆದ್ದರಿಂದ 16 ಆಂಪಿಯರ್ ಸಾಕೆಟ್ಟೇ ಬೇಕು. ಕರೆಂಟು ಹೋದಾಗ ಚಪ್ಪರದವರು ತಂದಿಟ್ಟ 1 ಕೆವಿಎ ಜನರೇಟರು ಉಸ್ಸಪ್ಪಾ ಎನ್ನುತ್ತದೆ, ಕನಿಷ್ಠ 2 ಕೆವಿಎ ಇರಲಿ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿಕೊಂಡೇ ಹಾಡು ಬಿಟ್ಟರೆ ಗುಂಯ್ ಎಂಬ ಸದ್ದು ಸೇರಬಹುದು. ಚಾರ್ಜರ್ ಕಿತ್ತು ನೋಡಿ, ಸದ್ದು ನಿಂತರೆ ಅದು ಅರ್ಥಿಂಗ್ ಲೂಪು, ಅಂದರೆ ಚಾರ್ಜರ್ ಮತ್ತು ಸಪ್ಲೈ ಎರಡೂ ಕಡೆಯ ಅರ್ಥ್ ಸೇರಿ ಆದ ಸುತ್ತು.

ಹಾಳಾದದ್ದು ಏನೆಂದರೆ, ಪಾಸಿಟಿವ್ ಟರ್ಮಿನಲ್ ಮೂರಿದ್ದರೂ ವಯರನ್ನೆಲ್ಲ ಒಂದಕ್ಕೇ ಬಿಗಿದದ್ದರಿಂದ ಆ ತಿರುಪಿನ ಸುತ್ತಲಿನ ಪ್ಲಾಸ್ಟಿಕ್ಕು ಕಂದಾಗಿ ಉಬ್ಬಿದೆ. ಭಾರವನ್ನು ಮೂರಕ್ಕೂ ಹಂಚಬೇಕು. ಕಡಲ ಗಾಳಿಗೆ ವಯರಿನ ತುದಿಯ ಲಗ್ಗುಗಳಲ್ಲಿ (ತಿರುಪಿಗೆ ಬಿಗಿಯುವ ಲೋಹದ ಬಿಲ್ಲೆಗಳಲ್ಲಿ) ಹಸಿರು ಕಿಲುಬು ಬರುತ್ತದೆ, ಉಜ್ಜಿ ವ್ಯಾಸಲೀನ್ ಸವರಿದರೆ ಒಂದು ವರ್ಷಕ್ಕೆ ನಿಶ್ಚಿಂತೆ. ಫ್ಯಾನಿನ ಸದ್ದು ಮೊದಲ ದಿನದಿಂದಲೂ ಉಂಟು, ಹಾಡು ನಿಂತಾಗ ಕಿರಿಕಿರಿ. ಐದಕ್ಕೆ ಮೂರೂವರೆ ಕೊಡಬಹುದು.

2000 ವ್ಯಾಟಿನ ಸಿಸ್ಟಮ್ ಇದ್ದವರು ಇಂಥದ್ದೇ ಎರಡನ್ನು ಸೇರಿಸಿ ಜೋಡಿಸಲು ಹೋಗಬೇಡಿ ಮಾರಾಯ್ರೆ. ವೋಲ್ಟೇಜು ಕೂದಲೆಳೆಯಷ್ಟು ಹೆಚ್ಚಿರುವುದೇ ಭಾರವನ್ನೆಲ್ಲ ಹೊತ್ತು ಮೊದಲು ಮಲಗುತ್ತದೆ. 100 ಆಂಪಿಯರಿನದು ಒಂದನ್ನೇ ನೋಡಿ.