ಹಂಪಿಯ ಬಂಡೆಯೋ, ಬಾದಾಮಿಯ ಮರಳುಗಲ್ಲೋ, ಬೇಲೂರಿನ ಗೋಡೆಯೋ?

ಕಲ್ಲಿನ ಮೇಲ್ಮೈಯ ಚಿತ್ರ ತೆಗೆಯಲು ಎಲ್ಲಿಗೆ ಹೋಗಲಿ ಎಂದು ಕೇಳಿದ್ದೀರಿ. ಮೊದಲು ಬೆಳಕನ್ನು ನೋಡಿ. ಹಂಪಿಯ ಗ್ರಾನೈಟ್ ಒರಟು. ಬೆಳಗಿನ ಓರೆ ಬಿಸಿಲು ಬಿದ್ದರೆ ಒಂದೊಂದು ಹರಳೂ ಎದ್ದು ಕಾಣುತ್ತದೆ, ನಡುಹಗಲಲ್ಲಿ ಎಲ್ಲವೂ ಚಪ್ಪಟೆ. 1117ರ ಬೇಲೂರಿನ ಚೆನ್ನಕೇಶವ ಗುಡಿಯದು ನುಣುಪಾದ ಬಳಪದ ಕಲ್ಲು. ಅಲ್ಲಿಗೆ ಮೋಡದ ದಿನವೇ ಹೋಗಿ: ಶಿಲಾಬಾಲಿಕೆಯ ಕೊರಳಸರದಲ್ಲಿ ಮಣಿಮಣಿಯ ನಡುವಿನ ನೆರಳೂ ಮೃದುವಾಗಿ ಸಿಗುತ್ತದೆ. ಆದರೆ ದೂರದ್ದನ್ನು ಸೆಳೆಯುವ ಲೆನ್ಸ್ ಬೇಕು.

ಬಣ್ಣಕ್ಕಾದರೆ ಬಾದಾಮಿ. ಕೆಂಪು, ನಸುಹಳದಿ ಪದರಗಳು ಅಲೆಯಂತೆ ಹರಿಯುತ್ತವೆ. ಜಲವರ್ಣ ಬಿಡಿಸುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಖರ್ಚಿನ ಮಾತು: ಮೊಬೈಲ್ ಮಾತ್ರ ಇದ್ದರೆ ಹಂಪಿಯ ಬಯಲು ಬಂಡೆಗಳೇ ಸಾಕು, ಟಿಕೆಟ್ ಬೇಡ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಪಡೆಯಬೇಕು.