ಶೋ ಕ್ವಾಲಿಟಿ ಸಿಲ್ಕಿ ಅಂತ ಫೋಟೊ ನೋಡಿ ದುಡ್ಡು ಹಾಕಬೇಡಿ

ಮೊದಲೇ ಹೇಳಿಬಿಡುತ್ತೇನೆ. ಸಿಲ್ಕಿ ಅಂದರೆ ಮಾಮೂಲಿ ಗರಿಯ ಬದಲು ತುಪ್ಪಳದಂಥ ಪುಕ್ಕ ಇರುವ ಕೋಳಿ ತಳಿ. ಆ ಕೋಳಿಯನ್ನು ಕೈಯಲ್ಲಿ ಹಿಡಿದು, ಕಾಲು ಒದ್ದೆ ಮಾಡಿ, ರೆಕ್ಕೆ ಬಿಡಿಸಿ ನೋಡುವ ತನಕ ಬಿಡಿಗಾಸು ಕೊಡಬೇಡಿ. ಎಷ್ಟೇ ಚೆಂದದ ಫೋಟೊ ಇರಲಿ, ಕೊಡಬೇಡಿ. ಈ ತಳಿಯಲ್ಲಿ ತಪ್ಪುಗಳೆಲ್ಲ ತುಪ್ಪಳದ ಅಡಿಯಲ್ಲಿರುತ್ತವೆ, ಮಾರುವವರಿಗೆ ಅದು ಚೆನ್ನಾಗಿ ಗೊತ್ತು.

ನನಗೆ ಮಾರಿದವರ ಜೊತೆ ಮಾತಾಗಿದ್ದು ಇಷ್ಟು. ಐದು ತಿಂಗಳ ಬಿಳಿ ಸಿಲ್ಕಿ, ಗಡ್ಡ ಇರುವ ಬಗೆ. ಒಂದು ಹುಂಜ, ಎರಡು ಹೇಂಟೆ. ಹುಂಜಕ್ಕೂ ಹೇಂಟೆಗಳಿಗೂ ರಕ್ತಸಂಬಂಧ ಇಲ್ಲ. ಮೂರೂ ಶೋ ಕ್ವಾಲಿಟಿ, ಅಂದರೆ ಪ್ರದರ್ಶನದ ಸ್ಪರ್ಧೆಗೆ ಇಡುವಂಥವು, ಲಸಿಕೆ ಆಗಿದೆ, ಕಾಲಿಗೆ ರಿಂಗ್ ಇದೆ. ಒಂಬತ್ತು ಫೋಟೊ ಬಂದವು. ಒಂಬತ್ತೂ ಮೇಲಿನಿಂದ ಇಲ್ಲವೇ ಎದುರಿನಿಂದ ತೆಗೆದವು. ತಲೆಯ ತುರಾಯಿ ಹತ್ತಿಯುಂಡೆಯ ಹಾಗೆ ದುಂಡಗೆ, ಪಾದ ಪುಕ್ಕದೊಳಗೆ ಮುಳುಗಿಹೋಗಿತ್ತು. ಪಕ್ಕದಿಂದ ಒಂದೂ ಇಲ್ಲ, ಪಾದದ್ದು ಒಂದೂ ಇಲ್ಲ, ರೆಕ್ಕೆ ಬಿಡಿಸಿದ್ದು ಒಂದೂ ಇಲ್ಲ. ಕೇಳಿದ್ದಕ್ಕೆ ಬಂದ ಉತ್ತರ: "ಕಣ್ಣು ಮುಚ್ಚಿಕೊಂಡು ತಗೊಳ್ಳಿ ಸಾರ್, ರಿಂಗ್ ಹಾಕಿರೋ ಹಕ್ಕಿ." ರಿಂಗ್ ಅಂದರೆ ಗುರುತಿನ ನಂಬರ್ ಅಷ್ಟೇ, ಯಾವ ಕೋಳಿಯ ಕಾಲಿಗೆ ಬೇಕಾದರೂ ತೊಡಿಸಬಹುದು. ಇದು ಗೊತ್ತಿದ್ದೂ ಆ ಮಾತಿಗೆ ತಲೆಯಾಡಿಸಿದ್ದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಬಂದ ಮೂರನೇ ದಿನ ತುರಾಯಿಯ ಬುಡದಲ್ಲೂ ಗುದದ ಸುತ್ತಲೂ ಹೇನು ಕಂಡಿತು. ಮದ್ದು ಹಾಕಿ, ಒಂದು ವಾರ ಬಿಟ್ಟು, ಪ್ರದರ್ಶನಕ್ಕೆ ಮಾಡಿಸುವ ಹಾಗೇ ಪೂರ್ತಿ ಸ್ನಾನ ಮಾಡಿಸಿದ್ದು. ಮೂರು ಟಬ್ ಬೇಕು. ಮೊದಲನೆಯದರಲ್ಲಿ ಉಗುರುಬೆಚ್ಚಗಿನ ನೀರು, ಸೌಮ್ಯವಾದ ಶಾಂಪೂ. ಎರಡನೆಯದರಲ್ಲಿ ಸೋಪು ಬಿಡಿಸಲು ಸ್ವಲ್ಪ ವಿನೆಗರ್ ಬೆರೆಸಿದ ನೀರು. ಮೂರನೆಯದು ಬರೀ ನೀರು. ತುಪ್ಪಳವನ್ನು ಅಡ್ಡಡ್ಡ ಉಜ್ಜಬಾರದು, ಬೆಳೆದ ದಿಕ್ಕಿಗೇ ಹಿಂಡಬೇಕು. ಆಮೇಲೆ ಕಡಿಮೆ ಬಿಸಿಯ ಡ್ರೈಯರ್ ಹಿಡಿದು ಬುಡದ ತನಕ ಒಣಗಿಸಲೇಬೇಕು, ಏಕೆಂದರೆ ಸಿಲ್ಕಿಯ ಪುಕ್ಕ ಬೇರೆ ಕೋಳಿಯ ಪುಕ್ಕದ ಹಾಗೆ ನೀರು ಜಾರಿಸುವುದಿಲ್ಲ, ಹೀರಿಕೊಳ್ಳುತ್ತದೆ. ಒದ್ದೆಯಲ್ಲೇ ಬಿಟ್ಟರೆ ಶೀತ ಹಿಡಿದು ನಡುಗುತ್ತದೆ.

ಮೊದಲನೇ ಟಬ್ಬಿನಲ್ಲೇ ಮೋಸ ಹೊರಬಿತ್ತು.

ಹುಂಜದ ಎಡಗಾಲನ್ನು ನೀರಿಗೆ ಇಳಿಸಿದಾಗ ಪಾದದ ಪುಕ್ಕವೆಲ್ಲ ಬೆರಳಿಗೆ ಅಂಟಿಕೊಂಡಿತು. ಸಿಲ್ಕಿಗೆ ಐದು ಬೆರಳು. ನಾಲ್ಕನೆಯದು ಹಿಂದಕ್ಕೆ ನೆಲ ಮುಟ್ಟಿರಬೇಕು, ಐದನೆಯದು ಅದರಿಂದ ಬುಡದಲ್ಲೇ ಬೇರೆಯಾಗಿ ಮೇಲಕ್ಕೆ ಬಾಗಿರಬೇಕು. ಇಲ್ಲಿ ನಾಲ್ಕೂ ಐದೂ ಉಗುರಿನ ತನಕ ಒಂದೇ ಚರ್ಮದೊಳಗೆ ಕೂಡಿಕೊಂಡಿದ್ದವು. ಒಂದು ದಪ್ಪ ಬೆರಳು, ತುದಿಯಲ್ಲಿ ಎರಡು ಉಗುರು. ಬೆರಳಿನಿಂದ ಸವರಿ ನೋಡಿದರೂ ನಡುವೆ ಸಂದಿಲ್ಲ. ಬಲಗಾಲು ಸರಿಯಾಗಿತ್ತು, ಒಂಬತ್ತು ಫೋಟೊದಲ್ಲೂ ಆ ಬಲಗಾಲೇ ಮುಂದಿತ್ತು! ಆ ಫೋಟೊಗಳನ್ನು ಮತ್ತೆ ತೆಗೆದು ಒಂದೊಂದಾಗಿ ನೋಡಿದಾಗ ಆದ ಅವಮಾನ ಹೇಳಲಾರೆ.

ಎರಡನೇ ಹೇಂಟೆಯದು ಇನ್ನೂ ಕೆಟ್ಟದು. ಸಿಲ್ಕಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ, ಐದರಿಂದ ಎಂಟು ತಿಂಗಳ ತನಕ ಅನುಭವಿಗಳೂ ಎಡವುತ್ತಾರೆ. ನಂಬಬಹುದಾದ ಗುರುತುಗಳಲ್ಲಿ ಒಂದು ತುರಾಯಿ. ಹೇಂಟೆಯದು ದುಂಡಗೆ ಉಂಡೆ ಕಟ್ಟುತ್ತದೆ. ಹುಂಜದ್ದು ಹಿಂದಕ್ಕೆ ಬಾಚಿದ ಹಾಗಿದ್ದು, ಅದರೊಳಗಿಂದ ಉದ್ದುದ್ದ ಚೂಪು ಎಳೆಗಳು ಹೊರಡುತ್ತವೆ, ಸ್ಟ್ರೀಮರ್ ಅನ್ನುತ್ತಾರೆ. ಈ "ಹೇಂಟೆ"ಯ ತುರಾಯಿ ಒದ್ದೆಯಾದಾಗ ಹಿಂಭಾಗದ ಹತ್ತು ಹನ್ನೆರಡು ಎಳೆಗಳ ತುದಿ ಮೊಂಡಾಗಿ ಕಂಡಿತು. ತಾನಾಗಿ ಬೆಳೆದ ಸಿಲ್ಕಿ ಪುಕ್ಕದ ತುದಿ ಕೂದಲಿನ ಹಾಗೆ ಸಣ್ಣಗಾಗುತ್ತಾ ಹೋಗುತ್ತದೆ. ಇವು ಒಂದೇ ಮಟ್ಟಕ್ಕೆ, ಚೌಕವಾಗಿ ನಿಂತಿದ್ದವು. ಕತ್ತರಿ ಆಡಿಸಿದ್ದಾರೆ. ಹುಂಜದ ಸ್ಟ್ರೀಮರ್ ಕತ್ತರಿಸಿ ದುಂಡು ಮಾಡಿ ಹೇಂಟೆ ಅಂತ ಕಳಿಸಿದ್ದಾರೆ. ಐದು ವಾರದಲ್ಲಿ ಅದು ಕೂಗಿತು.

ಉಳಿದ ಒಂದು ಹೇಂಟೆ ನಿಜಕ್ಕೂ ಹೇಂಟೆ. ಅದರ ರೆಕ್ಕೆ ಬಿಡಿಸಿದರೆ ಉದ್ದ ಗರಿಗಳ ಸಾಲು ನಡುವೆ ಹರಿದಿತ್ತು, ಹೊರಗರಿಗೂ ಒಳಗರಿಗೂ ನಡುವಿನ ಗರಿಯೇ ಇಲ್ಲ. ಸ್ಪ್ಲಿಟ್ ವಿಂಗ್ ಅಂದರೆ ಇದೇ. ರೆಕ್ಕೆ ಮಡಚಿದರೆ ಯಾರಿಗೂ ಕಾಣುವುದಿಲ್ಲ, ತೀರ್ಪುಗಾರರು ಬಿಡಿಸಿಯೇ ನೋಡುತ್ತಾರೆ. ಗರಿ ಉದುರಿ ಬಂದರೂ ಸರಿಹೋಗುವ ದೋಷ ಅಲ್ಲ, ಮರಿಗಳಿಗೂ ಹೋಗುತ್ತದೆ. ಅಲ್ಲಿಗೆ ಮೂರರಲ್ಲಿ ಪ್ರದರ್ಶನದ ಪಂಜರಕ್ಕೆ ಇಡಬಹುದಾದದ್ದು ಒಂದೂ ಉಳಿಯಲಿಲ್ಲ.

ಈಗ ಮಾರಿದವರ ಉತ್ತರಗಳನ್ನು ಓದಿ. ಸಿಟ್ಟು ಬಂದದ್ದು ಕೋಳಿಗಿಂತ ಹೆಚ್ಚು ಇವಕ್ಕೆ.

ಕೂಡಿದ ಬೆರಳಿನ ಫೋಟೊ ಕಳಿಸಿದ್ದಕ್ಕೆ: "ಐದು ಉಗುರು ಇದೆ ಅಲ್ವಾ ಸಾರ್? ಎಣಿಸಿ ನೋಡಿ."

ಕತ್ತರಿ ಆಡಿಸಿದ ತುರಾಯಿಗೆ: "ಕಣ್ಣಿಗೆ ಅಡ್ಡ ಬರುತ್ತೆ ಅಂತ ಟ್ರಿಮ್ ಮಾಡಿದ್ದು, ಎಲ್ಲರೂ ಮಾಡ್ತಾರೆ." ಹೌದು, ಎಲ್ಲರೂ ಮಾಡುತ್ತಾರೆ. ಮರಿ ಮಾಡಿಸುವ ಹಕ್ಕಿಗೆ ದಾರಿ, ಮೇವು ಕಾಣಲಿ ಅಂತ ಕಣ್ಣಿನ ಸುತ್ತ, ಮುಂದುಗಡೆ ಕತ್ತರಿಸುತ್ತಾರೆ. ತಲೆಯ ಹಿಂದೆ ಯಾವ ಕಣ್ಣಿದೆ? ಮತ್ತೆ, ಪ್ರದರ್ಶನಕ್ಕೆ ಇಡುವ ಹಕ್ಕಿಗೆ ಕತ್ತರಿ ಮುಟ್ಟಿಸಿ ರೂಪ ಬದಲಿಸಿದರೆ ಅದು ವಂಚನೆ, ಹಕ್ಕಿಯನ್ನೇ ಹೊರಗಿಡುತ್ತಾರೆ. ಶೋ ಕ್ವಾಲಿಟಿ ಮಾರುವವರಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ?

ಯಾವ ಸ್ಟ್ಯಾಂಡರ್ಡ್, ಅಂದರೆ ತಳಿಯ ರೂಪ ತೂಕದ ಯಾವ ಮಾನದಂಡದ ಪ್ರಕಾರ ಶೋ ಕ್ವಾಲಿಟಿ ಅಂತ ಕೇಳಿದೆ. ಸುಮ್ಮನೆ ಕೇಳಿದ್ದಲ್ಲ. ಅಮೆರಿಕದ ಮಾನದಂಡದಲ್ಲಿ ಸಿಲ್ಕಿ 1874ರಿಂದ ಇದೆ, ಅಲ್ಲಿ ಅದು ಬ್ಯಾಂಟಮ್, ಅಂದರೆ ಪುಟ್ಟ ಕೋಳಿಯ ಗುಂಪಿನದು, ಬೆಳೆದ ಹುಂಜ 36 ಔನ್ಸ್, ಅಂದರೆ ಸುಮಾರು 1 ಕೆಜಿ, ಹೇಂಟೆ 32 ಔನ್ಸ್. ಬ್ರಿಟನ್ನಿನಲ್ಲಿ ಅದೇ ಸಿಲ್ಕಿ ದೊಡ್ಡ ಕೋಳಿಯ ಗುಂಪಿನಲ್ಲಿದೆ, ಹುಂಜ 1.8 ಕೆಜಿ ತೂಗುತ್ತದೆ. ಇವರ ಹುಂಜ ಐದು ತಿಂಗಳಿಗೇ 1.4 ಕೆಜಿ. ಯಾವುದಕ್ಕೆ ಅಂತ ಇಡುವುದು? ಉತ್ತರ: "ಶೋ ಸ್ಟ್ಯಾಂಡರ್ಡ್ ಸಾರ್." ಎರಡನೇ ಸಲ ಕೇಳಿದ್ದಕ್ಕೆ: "ಶೋ ಕ್ವಾಲಿಟಿ ಅಂದ್ರೆ ಅಪ್ಪ ಅಮ್ಮ ಶೋ ಕ್ವಾಲಿಟಿ ಅಂತ." ದುಡ್ಡು ತಗೊಳ್ಳುವಾಗ ಮೂರೂ ಅಂದವರು ಇವರೇ.

ಏಳನೇ ತಿಂಗಳಿಗೆ ಹುಂಜದ ಜುಟ್ಟು (ತುರಾಯಿಯ ಪುಕ್ಕ ಅಲ್ಲ, ಕೊಕ್ಕಿನ ಮೇಲಿನ ಮಾಂಸದ ಜುಟ್ಟು) ಕೆಂಪಗಾಯಿತು. ಸಿಲ್ಕಿಯ ಜುಟ್ಟು ಅಕ್ರೋಟಿನ ಆಕಾರದಲ್ಲಿ, ಕಡು ಹಿಪ್ಪುನೇರಳೆ ಹಣ್ಣಿನ ಬಣ್ಣದಲ್ಲಿರಬೇಕು, ಮುಖವೂ ಅಷ್ಟೇ. ಪ್ರಾಯಕ್ಕೆ ಬಂದಾಗ ಸ್ವಲ್ಪ ರಂಗೇರುವುದು ಉಂಟು, ಆದರೆ ಮಾಮೂಲಿ ಹುಂಜದ ಹಾಗೆ ಕೆಂಪಗೆ ಹೊಳೆದರೆ ಪ್ರದರ್ಶನದಿಂದ ಹೊರಗೆ. "ಬಿಸಿಲಿಗೆ ಹಾಗಾಗುತ್ತೆ" ಅಂದರು. ಹಕ್ಕಿ ಇದ್ದದ್ದು ನೆರಳಿನಲ್ಲಿ. ಬಿಳಿ ಸಿಲ್ಕಿಯನ್ನು ಬಿಸಿಲಿಗೆ ಬಿಟ್ಟರೆ ಬೆನ್ನು ಹಳದಿಗಟ್ಟುತ್ತದೆ ಅಂತ ಬಿಡಲೇ ಇಲ್ಲ.

ಜಗಳ ಮುಗಿಸಲು ಅಂತ 12 ಮೊಟ್ಟೆ ಕಳಿಸಿದರು. "ಇದರಲ್ಲಿ ಬರೋದೆಲ್ಲ ಪ್ಯೂರ್." ದೂರದಿಂದ ಬಂದ ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ 24 ಗಂಟೆ ಅಲುಗಾಡಿಸದೆ ಇಟ್ಟು, ಇನ್‌ಕ್ಯುಬೇಟರಿನಲ್ಲಿ 37.5 ಡಿಗ್ರಿ, ತೇವಾಂಶ ಶೇಕಡ 45ರಿಂದ 50, ಕೊನೆಯ ಮೂರು ದಿನ ತಿರುಗಿಸುವುದು ನಿಲ್ಲಿಸಿ ಶೇಕಡ 65ರಿಂದ 70. ಏಳನೇ ದಿನ ಬೆಳಕು ಹಿಡಿದರೆ ಐದು ಖಾಲಿ. ಅದಿರಲಿ, ಸಾಗಣೆಯಲ್ಲಿ ಮೊಟ್ಟೆಯೊಳಗಿನ ಗಾಳಿಗೂಡು ಕಿತ್ತುಹೋಗುತ್ತದೆ, ಅದಕ್ಕೆ ಯಾರನ್ನೂ ದೂರುವುದಿಲ್ಲ. 21ನೇ ದಿನ ನಾಲ್ಕು ಮರಿ. ನಾಲ್ಕಕ್ಕೂ ಐದು ಬೆರಳು. ಎರಡು ವಾರಕ್ಕೆ ರೆಕ್ಕೆಯ ಗರಿ ಬಂದಾಗ ಎರಡು ಮರಿಗಳ ಗರಿ ನಯವಾಗಿ, ಎಲೆಯ ಹಾಗೆ ಮುಚ್ಚಿಕೊಂಡಿತ್ತು. ಉಳಿದ ಎರಡರದ್ದು ಮಾತ್ರ ಎಳೆಎಳೆಯಾಗಿ ಬಿಟ್ಟುಕೊಂಡಿತ್ತು.

ಇದೊಂದು ಚೆನ್ನಾಗಿ ಅರ್ಥ ಮಾಡಿಕೊಳ್ಳಿ, ನಿಮಗೆ ಟೋಪಿ ಹಾಕುವುದು ಸುಲಭ ಆಗುವುದಿಲ್ಲ. ಪುಕ್ಕದ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಸಣ್ಣ ಕೊಕ್ಕೆಗಳು ಸಿಲ್ಕಿಗೆ ಇಲ್ಲ, ಅದಕ್ಕೇ ಅದು ತುಪ್ಪಳ. ಈ ಗುಣ ತಾಯಿಯಿಂದಲೂ ತಂದೆಯಿಂದಲೂ ಬಂದರೆ ಮಾತ್ರ ಕಾಣುತ್ತದೆ. ತುಪ್ಪಳದ ಹುಂಜ, ತುಪ್ಪಳದ ಹೇಂಟೆ ಕೂಡಿದರೆ ಹುಟ್ಟುವುದೆಲ್ಲ ತುಪ್ಪಳದ್ದೇ. ನಯ ಗರಿಯ ಮರಿ ಬಂತು ಅಂದರೆ ತಂದೆಯೋ ತಾಯಿಯೋ ಸಿಲ್ಕಿ ಅಲ್ಲ. ಐದು ಬೆರಳು ಇದೆ ಅಂತ ನಂಬಬೇಡಿ, ಆ ಗುಣ ಒಬ್ಬರಿಂದ ಬಂದರೂ ಸಾಕು, ಮಿಶ್ರತಳಿಗೂ ಐದು ಬೆರಳು ಬರುತ್ತದೆ. ಕಪ್ಪು ಚರ್ಮವೂ ಸಾಕ್ಷಿ ಅಲ್ಲ, ಕಡಕ್‌ನಾಥ್‌ಗೂ ಚರ್ಮ ಕಪ್ಪೇ. ನಯ ಗರಿ ಮಾತ್ರ ಸುಳ್ಳು ಹೇಳುವುದಿಲ್ಲ. ಬೇರೆ ಹುಂಜ ಹತ್ತಿದ ಹೇಂಟೆಯ ಹೊಟ್ಟೆಯಲ್ಲಿ ಅದರ ಬೀಜ ಎರಡು ಮೂರು ವಾರ ಉಳಿಯುತ್ತದೆ. ಅದಕ್ಕೇ ಮೊಟ್ಟೆ ಕೂಡಿಡುವ ಮುಂಚೆ ಹೇಂಟೆಗಳನ್ನು ನಾಲ್ಕು ವಾರ ಬೇರೆ ಇಡುವುದು. ಇವರು ಎಲ್ಲವನ್ನೂ ಒಂದೇ ಅಂಗಳಕ್ಕೆ ಬಿಟ್ಟಿದ್ದಾರೆ, ಬೇರೆ ಕಾರಣ ಇಲ್ಲ.

ಇದನ್ನೆಲ್ಲ ಬಿಡಿಸಿ ಬರೆದದ್ದಕ್ಕೆ ಬಂದ ಕೊನೆಯ ಉತ್ತರ: "ಹತ್ತರಲ್ಲಿ ಒಂದೆರಡು ಹಾಗೆ ಬಂದೇ ಬರುತ್ತೆ. ನೀವು ಹೊಸಬರು, ನಿಮಗೆ ಗೊತ್ತಾಗಲ್ಲ." ಆಮೇಲೆ ಬ್ಲಾಕ್.

ಲಸಿಕೆ ಮಾತೂ ಹೇಳಬೇಕು. "ಲಸಿಕೆ ಆಗಿದೆ" ಅಂದದ್ದು ಕೊಕ್ಕರೆ ರೋಗದ್ದು (ರಾಣಿಖೇತ್) ಮಾತ್ರ. ಸಿಲ್ಕಿಗೆ ನಿಜವಾದ ಯಮ ಮಾರೆಕ್ಸ್ ರೋಗ, ಈ ತಳಿಗೆ ಅದು ಬೇರೆಯವಕ್ಕಿಂತ ಬೇಗ ತಗಲುತ್ತದೆ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದುಕೊಳ್ಳುತ್ತದೆ, ಮದ್ದಿಲ್ಲ. ಆ ಲಸಿಕೆ ಹುಟ್ಟಿದ ದಿನವೇ ಕತ್ತಿನ ಚರ್ಮದಡಿ ಹಾಕಬೇಕು, ಬೆಳೆದ ಮೇಲೆ ಹಾಕಿ ಪ್ರಯೋಜನ ಇಲ್ಲ. ಹಾಗಾಗಿ ಲಸಿಕೆ ಆಗಿದೆಯಾ ಅಂತ ಕೇಳಬೇಡಿ, ಯಾವ ಲಸಿಕೆ, ಎಷ್ಟನೇ ದಿನಕ್ಕೆ ಅಂತ ಕೇಳಿ. ಹಾಕಿಸಿದ್ದರೂ ಹೊಸ ಹಕ್ಕಿಯನ್ನು 30 ದಿನ ಬೇರೆ ಗೂಡಿನಲ್ಲೇ ಇಡಿ. ಆ ಹೇನು ನಮ್ಮ ಹಳೇ ಹಕ್ಕಿಗಳಿಗೆ ದಾಟದೆ ಉಳಿದದ್ದು ಅದೊಂದರಿಂದ.

ಹಕ್ಕಿ ನೋಡಲು ಹೋಗುವ ಮುಂಚೆ ಏನು ಕೇಳಬೇಕು: ಎರಡೂ ಪಾದ ಒದ್ದೆ ಮಾಡಿ ಹಿಂಬದಿಯಿಂದ ತೆಗೆದ ಫೋಟೊ, ಎರಡೂ ರೆಕ್ಕೆ ಬಿಡಿಸಿದ ಫೋಟೊ, ತುರಾಯಿ ಮೇಲೆತ್ತಿ ಜುಟ್ಟು ಮತ್ತು ನೀಲಿ ಕಿವಿಹಾಲೆ ಕಾಣುವಂತೆ ಪಕ್ಕದಿಂದ ಒಂದು, ಕತ್ತಿನ ಪುಕ್ಕ ಸರಿಸಿ ಚರ್ಮ ಕಾಣುವಂತೆ ಒಂದು, ನಡೆಯುವ ವಿಡಿಯೊ. ಎಲ್ಲದರಲ್ಲೂ ರಿಂಗ್ ನಂಬರ್ ಕಾಣಬೇಕು. ಮೊಟ್ಟೆಯೊಡೆದ ತಾರೀಖು, ತಂದೆ ತಾಯಿಯ ಫೋಟೊ, ಯಾವ ಸ್ಟ್ಯಾಂಡರ್ಡ್ ಅಂತ ಬರಹದಲ್ಲಿ. ಎಂಟು ತಿಂಗಳಿಗಿಂತ ಚಿಕ್ಕ ಹಕ್ಕಿಗೆ ಯಾರಾದರೂ ಶೋ ಕ್ವಾಲಿಟಿ ಅಂದರೆ ಮಾತೇ ಮುಂದುವರಿಸಬೇಡಿ. ಆ ವಯಸ್ಸಿಗೆ ಹೆಚ್ಚೆಂದರೆ ಭರವಸೆಯ ಹಕ್ಕಿ ಅನ್ನಬಹುದು, ತುರಾಯಿ ತುಂಬುವುದೇ ವರ್ಷದ ಹೊತ್ತಿಗೆ. ಫೋಟೊ ಕಳಿಸಲು ಹಿಂದೆಮುಂದೆ ನೋಡಿದರೂ ಅಲ್ಲಿಗೇ ಬಿಟ್ಟುಬಿಡಿ. ಒಳ್ಳೆಯ ಹಕ್ಕಿ ಇಟ್ಟುಕೊಂಡವರು ಪಾದ ತೋರಿಸಲು ಕಾಯುತ್ತಿರುತ್ತಾರೆ, ನೀವು ಕೇಳುವ ಮುಂಚೆಯೇ ತಿರುಗಿಸಿ ತೋರಿಸುತ್ತಾರೆ.

ಇನ್ನೊಂದು. ಅದೇ ಒಂಬತ್ತು ಫೋಟೊ ಈಗ ಮತ್ತೆ ಓಡಾಡುತ್ತಿವೆ, "ಬಿಳಿ ಸಿಲ್ಕಿ, ಒಂದು ಹುಂಜ ಎರಡು ಹೇಂಟೆ, ಶೋ ಕ್ವಾಲಿಟಿ" ಅಂತ. ಹುಂಜದ ಬಲಗಾಲು ಮುಂದಿರುವ ಫೋಟೊ. ಆ ಹುಂಜ ನಮ್ಮ ಗೂಡಿನಲ್ಲಿದೆ. ಯಾರಿಗಾದರೂ ಬಂದಿದ್ದರೆ ಎಡಗಾಲಿನದು ಕಳಿಸಿ ಅಂತ ಕೇಳಿ.